‘ಅದೇ’ ಮತ್ತು ‘ಅಂಥದೇ’

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಶಾಸ್ತ್ರದ ವಿಷಯವಾಗಿ ಲೇಖನ ಬರೆಯುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರಬಹುದು. ನನ್ನ ಸಮಾಧಾನ ಇಷ್ಟೆ: ನಾನು ಬರೆಯಹೊರಟಿರುವುದು ಯಂತ್ರದ ವಿಷಯವನ್ನಲ್ಲ, ಎರಡು ಮಾತುಗಳ ವಿಷಯವನ್ನು. ಈ ವರ್ಷ ಭಾಷಾಂತರದ ಅಭ್ಯಾಸಕ್ಕೆಂದು ನಮ್ಮ ಅಧ್ಯಾಪಕರು ಒಬ್ಬೊಬ್ಬರಿಗೆ ಒಂದೊಂದು ಶಾಸ್ತ್ರೀಯ ಗದ್ಯಭಾಗವನ್ನು ಕೊಟ್ಟು ಕನ್ನಡಕ್ಕೆ ತರಬೇಕೆಂದು ವಿಧಿಸಿದರು. ನಾನು ಸಂಜೆಯ ಹೊತ್ತು ಜಾವಾ ಕಲಿಯುತ್ತಿದ್ದೇನೆಂಬುದು ಅವರಿಗೆ ಹೇಗೋ ತಿಳಿದಿತ್ತು. ಆದುದರಿಂದ ನನ್ನ ಪಾಲಿಗೆ ಬಂದದ್ದು ಸಾಫ್ಟ್‌ವೇರ್ ರಚನೆಯನ್ನು ಕುರಿತ ಎರಡು ಪುಟ. ಅದರ ಮೊದಲನೆಯ ವಾಕ್ಯದಲ್ಲಿಯೇ ‘ವ್ಯಾಲ್ಯೂ ಆಬ್ಜೆಕ್ಟ್’ ಎಂಬ ಜೋಡಿ ಎದುರಾಯಿತು. ನಿಘಂಟನ್ನು ತೆರೆದೆ. ವ್ಯಾಲ್ಯೂ ಎಂದರೆ ಮೌಲ್ಯ. ಆಬ್ಜೆಕ್ಟ್ ಎಂದರೆ ವಸ್ತು. ಯಾವ ಅಳುಕೂ ಇಲ್ಲದೆ ‘ಮೌಲ್ಯಯುತ ವಸ್ತು’ ಎಂದು ಬರೆದು ಒಪ್ಪಿಸಿದೆ. ಅಧ್ಯಾಪಕರು ಓದಿ ನಕ್ಕು, “ಏನಯ್ಯಾ, ಚಿನ್ನವೋ ಬೆಳ್ಳಿಯೋ?” ಎಂದರು.

ನನಗೆ ನಾಚಿಕೆಯಾದದ್ದು ನಿಜ. ಆದರೆ ಅವರೇ ಒಂದು ದಾರಿಯನ್ನೂ ತೋರಿಸಿದರು. ಇಂಗ್ಲಿಷನ್ನೇ ದಿಟ್ಟಿಸಿ ನೋಡುತ್ತ ಕೂರುವ ಬದಲು, ಇದೇ ಮಾತನ್ನು ಇನ್ನಾವುದಾದರೂ ಭಾಷೆಯವರು ತಮ್ಮದಾಗಿ ಮಾಡಿಕೊಂಡಿದ್ದರೆ ಅವರು ಎಲ್ಲಿ ಎಡವಿದರು, ಹೇಗೆ ಎದ್ದರು ಎಂದು ನೋಡೆಂದರು. ಬ್ರೆಜಿಲ್ ದೇಶದಲ್ಲಿ ಪ್ರೋಗ್ರಾಮು ಬರೆಯುವವರ ದೊಡ್ಡ ಸಮುದಾಯವಿದೆ. ಅವರು ಈ ಶಾಸ್ತ್ರದ ವಿಚಾರಗಳನ್ನು ತಮ್ಮ ಪೋರ್ಚುಗೀಸಿನಲ್ಲಿಯೇ ಬರೆದು, ತಮ್ಮ ತಮ್ಮಲ್ಲಿಯೇ ಚರ್ಚಿಸುತ್ತಾರೆ. ನನಗೆ ಪೋರ್ಚುಗೀಸ್ ಬಾರದು. ನಿಘಂಟನ್ನು ಊರುಗೋಲಾಗಿ ಹಿಡಿದು ತೆವಳಬಲ್ಲೆ, ಅಷ್ಟೆ. ಮೇಜು, ಚಾವಿ, ಪಾದ್ರಿ ಮೊದಲಾದ ಮಾತುಗಳನ್ನು ಆ ಭಾಷೆ ನಮಗೆ ಕೊಟ್ಟಿರುವಾಗ ತೀರ ಪರಕೀಯವೆಂದೂ ಹೇಳಲಾರೆ.

ಪೋರ್ಚುಗೀಸಿನಲ್ಲಿ ವ್ಯಾಲ್ಯೂ ಆಬ್ಜೆಕ್ಟ್ ‘ಒಬ್ಜೆಟು ದೆ ವಲೋರ್’ ಆಗಿದೆ. ವಿನೋದವೆಂದರೆ, ಆ ದೇಶದ ಯಾವ ಹೋಟೆಲಿಗೆ ಹೋದರೂ ಇದೇ ಮಾತು ಗೋಡೆಯ ಮೇಲೆ ಕಂಡೀತು. ಕೋಣೆಯಲ್ಲಿ ಬಿಟ್ಟುಹೋದ ‘ಒಬ್ಜೆಟು ದೆ ವಲೋರ್’ಗಳಿಗೆ, ಎಂದರೆ ಉಂಗುರ, ಸರ, ಗಡಿಯಾರಗಳಿಗೆ, ಹೋಟೆಲಿನವರು ಜವಾಬ್ದಾರರಲ್ಲವೆಂದು ಅದರ ಅರ್ಥ. ನಾನು ಬಿದ್ದ ಹಳ್ಳದಲ್ಲಿಯೇ ಅವರೂ ಬಿದ್ದಿದ್ದಾರೆಂದು ತಿಳಿದು ನನಗೆ ಕೊಂಚ ನೆಮ್ಮದಿಯಾಯಿತು. ಆದರೆ ಅವರಿಗೆ ಏಳುವುದಕ್ಕೆ ಒಂದು ಆಸರೆ ಇತ್ತು. ಬೀಜಗಣಿತದ ತರಗತಿಯಲ್ಲಿ ಅವರು ಎಕ್ಸ್‌ನ ‘ವಲೋರ್’ ಎಷ್ಟೆಂದು ಕೇಳುತ್ತಾರೆ. ಆ ವಲೋರ್ ಬಂಗಾರದ್ದಲ್ಲ, ಲೆಕ್ಕದ್ದು. ಆಗ ನನಗೆ ಹೈಸ್ಕೂಲಿನ ಪುಸ್ತಕ ನೆನಪಿಗೆ ಬಂತು. ನಾವು ‘ಎಕ್ಸ್‌ನ ಬೆಲೆಯನ್ನು ಕಂಡುಹಿಡಿಯಿರಿ’ ಎಂಬ ಪ್ರಶ್ನೆಯನ್ನು ಎಷ್ಟು ಸಲ ಬಿಡಿಸಿಲ್ಲ! ಆಗ ಯಾರೂ ಎಕ್ಸನ್ನು ಸಂತೆಗೆ ಒಯ್ದು ಮಾರುವ ಯೋಚನೆ ಮಾಡಲಿಲ್ಲ. ವ್ಯಾಲ್ಯೂ ಆಬ್ಜೆಕ್ಟಿನ ವ್ಯಾಲ್ಯೂ ಈ ಬಗೆಯ ಬೆಲೆ, ಮೌಲ್ಯವಲ್ಲ.

ಇಲ್ಲಿ ಇನ್ನೊಂದು ಮಾತು. ಇಂಗ್ಲಿಷಿನವರೇ ಈ ಪದದ ವಿಷಯದಲ್ಲಿ ಒಮ್ಮೆ ಗೊಂದಲಕ್ಕೆ ಬಿದ್ದಿದ್ದರು. 2001ರ ಸುಮಾರಿಗೆ ಜಾವಾ ಬಳಸುವವರಲ್ಲಿ ಒಂದು ಪಂಗಡ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ವಿವರಗಳನ್ನು ಹೊತ್ತು ಸಾಗಿಸುವ ಗಂಟಿಗೆ ವ್ಯಾಲ್ಯೂ ಆಬ್ಜೆಕ್ಟ್ ಎಂದು ಹೆಸರಿಟ್ಟಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವರು 2003ರಲ್ಲಿ ತಮ್ಮ ಹೆಸರನ್ನು ‘ಟ್ರಾನ್ಸ್‌ಫರ್ ಆಬ್ಜೆಕ್ಟ್’ ಎಂದು ಬದಲಿಸಿಕೊಂಡರು. ಅದೇ 2003ರಲ್ಲಿ ಎರಿಕ್ ಎವಾನ್ಸ್ ಎಂಬ ವಿದ್ವಾಂಸರ ‘ಡೊಮೇನ್ ಡ್ರಿವನ್ ಡಿಸೈನ್’ ಎಂಬ ಗ್ರಂಥ ಹೊರಬಂದಿತು. ಮಾರ್ಟಿನ್ ಫೌಲರ್ ಅವರು 2002ರಲ್ಲಿಯೇ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ವಿವರಿಸಿದ್ದರೂ, ಎಲ್ಲರ ಬಾಯಲ್ಲಿ ನಿಲ್ಲುವಂತೆ ಮಾಡಿದ್ದು ಎವಾನ್ಸರ ಪುಸ್ತಕವೆನ್ನಬಹುದು.

ಎವಾನ್ಸರು ಮಾಡುವ ವಿಭಾಗ ಹೀಗಿದೆ. ಪ್ರೋಗ್ರಾಮಿನೊಳಗೆ ನಾವು ಲೋಕದ ಸಂಗತಿಗಳಿಗೆ ಪ್ರತಿರೂಪಗಳನ್ನು ಕಟ್ಟುತ್ತೇವೆ. ಅವುಗಳಲ್ಲಿ ಕೆಲವಕ್ಕೆ ತಮ್ಮದೇ ಆದ ಗುರುತುಂಟು. ಅವುಗಳ ಗುಣಗಳೆಲ್ಲ ಬದಲಾದರೂ ಅವು ಅವೇ. ಇವಕ್ಕೆ ‘ಎಂಟಿಟಿ’ ಎಂದು ಹೆಸರು. ಬೇರೆ ಕೆಲವಕ್ಕೆ ಗುಣಗಳನ್ನು ಬಿಟ್ಟರೆ ಬೇರೆ ಗುರುತೇ ಇಲ್ಲ. ಗುಣಗಳು ಸಮವಾದರೆ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೂ ಯಾರೂ ಕೇಳುವುದಿಲ್ಲ. ಇವೇ ವ್ಯಾಲ್ಯೂ ಆಬ್ಜೆಕ್ಟುಗಳು.

ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ಹೆಂಗಸರು ನೆನಪಾದರು. ನಮ್ಮ ಕಡೆಯ ಮಾತಿನಲ್ಲಿ ಸಾಲಕ್ಕೆ ಎರಡು ಹೆಸರುಗಳುಂಟು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು ‘ಕಡ’. ಮದುವೆಗೆ ಹೋಗಲು ಸರವನ್ನು ತಂದರೆ ಅದು ‘ಎರವಲು’. ಕಡ ತಂದ ಸಕ್ಕರೆಯನ್ನು ಅಂದೇ ಪಾಯಸಕ್ಕೆ ಹಾಕಿ ಮುಗಿಸಬಹುದು. ಮುಂದಿನ ವಾರ ಅಂಥದೇ ಸಕ್ಕರೆಯನ್ನು ಅಷ್ಟೇ ಅಳತೆಯಲ್ಲಿ ಹಿಂದಿರುಗಿಸಿದರೆ ವ್ಯವಹಾರ ತೀರಿತು. ಎರವಲು ತಂದ ಸರವನ್ನು ಕಳೆದುಕೊಂಡು ಅಂಥದೇ ಇನ್ನೊಂದನ್ನು ತಂದುಕೊಟ್ಟು ನೋಡಿ! ಅಷ್ಟೇ ತೂಕ, ಅದೇ ಮಾಟವಿದ್ದರೂ, “ಇದು ನಮ್ಮತ್ತೆ ಕೊಟ್ಟದ್ದಲ್ಲ” ಎಂಬ ಮಾತು ಬಂದೇ ಬರುತ್ತದೆ. ಸಕ್ಕರೆಯಲ್ಲಿ ‘ಅಂಥದೇ’ ಸಾಕು. ಸರದಲ್ಲಿ ‘ಅದೇ’ ಬೇಕು. ಮೊದಲನೆಯದು ವ್ಯಾಲ್ಯೂ ಆಬ್ಜೆಕ್ಟ್, ಎರಡನೆಯದು ಎಂಟಿಟಿ. ನಮ್ಮ ತಾಯಂದಿರು ಯಾವ ಗ್ರಂಥವನ್ನೂ ಓದದೆ ಈ ವಿಭಾಗವನ್ನು ದಿನವೂ ಮಾಡುತ್ತಿದ್ದಾರೆ.

ಪೋರ್ಚುಗೀಸಿನಲ್ಲಿಯೂ ಇಂಥ ಜೋಡಿ ಇದೆಯೇ ಎಂದು ಹುಡುಕಿದೆ. ಇದೆ; ಆದರೆ ಅದು ಅಡಿಗೆಮನೆಯಲ್ಲಿ ಸಿಗಲಿಲ್ಲ, ನ್ಯಾಯಶಾಸ್ತ್ರದಲ್ಲಿ ಸಿಕ್ಕಿತು. ಬ್ರೆಜಿಲಿನ 2002ರ ಸಿವಿಲ್ ಸಂಹಿತೆ ಸಾಲವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದರ ಬದಲು ಅದೇ ಜಾತಿ, ಗುಣ, ಪ್ರಮಾಣದ ಇನ್ನೊಂದನ್ನು ಕೊಡಬಹುದಾದ ಪದಾರ್ಥಗಳ ಸಾಲ ‘ಮೂತುವು’. ಹಾಗೆ ಬದಲಿಸಲಾಗದವುಗಳ ಸಾಲ ‘ಕೊಮೊದಾತು’. ಈ ವಿಂಗಡಣೆ ರೋಮನ್ನರ ಕಾಲದ್ದು. ಮೂತುವು ನಮ್ಮ ಕಡ. ಕೊಮೊದಾತು ನಮ್ಮ ಎರವಲು. ಹೀಗಿರುವಾಗ ಈ ತತ್ತ್ವವನ್ನು 2003ರಲ್ಲಿ ಯಾರೋ ಕಂಡುಹಿಡಿದರೆಂದು ಹೇಳುವುದು ಸರಿಯಲ್ಲ. ಬಹಳ ಹಳೆಯದಾದ ಒಂದು ವಿವೇಕವನ್ನು ಕಂಪ್ಯೂಟರಿನ ಒಳಕ್ಕೆ ಕರೆದು ತಂದರು ಎನ್ನಬೇಕು.

ಭಾಷೆಯ ವಿಷಯಕ್ಕೆ ಬಂದರೆ, ಇಂಗ್ಲಿಷಿನ ‘ಸೇಮ್’ ಎಂಬ ಮಾತೇ ಬಹಳ ತೊಂದರೆ ಕೊಡುತ್ತದೆ. ನೀನೂ ನಾನೂ ‘ಸೇಮ್’ ಪುಸ್ತಕ ಓದುತ್ತಿದ್ದೇವೆಂದರೆ, ಒಂದೇ ಪ್ರತಿಯನ್ನು ಇಬ್ಬರೂ ಹಂಚಿಕೊಂಡಿದ್ದೇವೆಯೋ, ಇಬ್ಬರ ಬಳಿಯೂ ಒಂದೊಂದು ಪ್ರತಿ ಇದೆಯೋ ತಿಳಿಯದು. ಪೋರ್ಚುಗೀಸರಿಗೆ ‘ಮೆಸ್ಮು’, ‘ಇಗ್ವಾಲ್’ ಎಂಬ ಎರಡು ಮಾತುಗಳುಂಟು. ಕನ್ನಡದಲ್ಲಿ ‘ಅದೇ’ ಮತ್ತು ‘ಅಂಥದೇ’ ಇವೆ. ಒಂದು ಅಕ್ಷರ ನಡುವೆ ಸೇರಿದರೆ ಸಾಕು, ಸಂದೇಹ ಹೋಗುತ್ತದೆ. ಜಾವಾ ಭಾಷೆಯೂ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಎರಡು ಸಮಚಿಹ್ನೆಗಳನ್ನು ಅಕ್ಕಪಕ್ಕ ಇಟ್ಟರೆ ‘ಅದೇ ವಸ್ತುವೋ?’ ಎಂದರ್ಥ, ‘ಈಕ್ವಲ್ಸ್’ ಎಂದು ಬರೆದರೆ ‘ಅಂಥದೇ ವಸ್ತುವೋ?’ ಎಂದರ್ಥ. ಮೊದಲು ಕಲಿಯುವವರು ಇವೆರಡನ್ನು ಬೆರಸಿ ಕೈಸುಟ್ಟುಕೊಳ್ಳುವುದು ಸಾಮಾನ್ಯ. ನಾನೂ ಸುಟ್ಟುಕೊಂಡೆ. 127 ಎಂಬ ಸಂಖ್ಯೆಯನ್ನು ‘ಇಂಟಿಜರ್’ ಎಂಬ ವಸ್ತುವಾಗಿ ಎರಡು ಕಡೆ ಇಟ್ಟು ‘ಅದೇಯೋ?’ ಎಂದು ಕೇಳಿದೆ, ಹೌದೆಂದಿತು. 128ನ್ನು ಇಟ್ಟು ಕೇಳಿದೆ, ಅಲ್ಲವೆಂದಿತು. ಒಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಋಣ 128ರಿಂದ 127ರವರೆಗಿನ ಸಂಖ್ಯೆಗಳು ಪದೇಪದೇ ಬೇಕಾಗುವುದರಿಂದ ಜಾವಾ ಅವನ್ನು ಮೊದಲೇ ತಯಾರಿಸಿಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಅದರಾಚೆಗಿನವನ್ನು ಸಾಮಾನ್ಯವಾಗಿ ಕೇಳಿದಾಗಲೆಲ್ಲ ಹೊಸದಾಗಿ ಮಾಡಿಕೊಡುತ್ತದೆ. ತಪ್ಪು ಜಾವಾದ್ದಲ್ಲ. ಸಂಖ್ಯೆಯ ಬಳಿ ಹೋಗಿ ‘ನೀನು ಅದೇಯೋ?’ ಎಂದು ಕೇಳಿದ ನನ್ನದು.

ಓದುಗರಿಗೆ ಇಲ್ಲಿ ಒಂದು ಸಂದೇಹ ಏಳಬಹುದು. ಯಾವುದು ಎಂಟಿಟಿ, ಯಾವುದು ವ್ಯಾಲ್ಯೂ ಎಂಬುದು ವಸ್ತುವಿನ ಸ್ವಭಾವದಲ್ಲಿಯೇ ಬರೆದಿದೆಯೇ? ಇಲ್ಲ. ಕೇಳುವವರು ಯಾರು ಎಂಬುದರ ಮೇಲೆ ಅದು ನಿಂತಿದೆ. ನಾನು ಹಾಸ್ಟೆಲಿನ ಗೆಳೆಯನಿಂದ ನೂರು ರೂಪಾಯಿಯ ನೋಟೊಂದನ್ನು ಪಡೆದು, ಮರುದಿನ ಬೇರೆ ನೋಟನ್ನೋ ಎರಡು ಐವತ್ತರ ನೋಟುಗಳನ್ನೋ ಕೊಟ್ಟರೆ ಅವನು ತಕರಾರು ಮಾಡುವುದಿಲ್ಲ. ಆದರೆ ಅದೇ ನೋಟಿನ ಮೇಲೆ ರಿಸರ್ವ್ ಬ್ಯಾಂಕು ಒಂದು ಕ್ರಮಸಂಖ್ಯೆಯನ್ನು ಅಚ್ಚು ಹಾಕಿದೆ. ನಕಲಿ ನೋಟನ್ನು ಪತ್ತೆಹಚ್ಚುವವರಿಗೆ ಪ್ರತಿಯೊಂದು ನೋಟೂ ಬೇರೆಯೇ. ಎವಾನ್ಸರು ವಿಳಾಸದ ಉದಾಹರಣೆ ಕೊಟ್ಟಿದ್ದಾರೆ. ಅಂಚೆಯಲ್ಲಿ ಸರಕು ಕಳಿಸುವ ಅಂಗಡಿಗೆ ವಿಳಾಸವೆಂಬುದು ಕಟ್ಟಿನ ಮೇಲೆ ಬರೆಯುವ ನಾಲ್ಕು ಸಾಲು. ಒಂದೇ ಮನೆಯ ಇಬ್ಬರು ತರಿಸಿಕೊಂಡರೂ ಅದಕ್ಕೇನು? ಆದರೆ ವಿದ್ಯುಚ್ಛಕ್ತಿ ಒದಗಿಸುವವರಿಗೆ ಆ ಮನೆಯೇ ಗಿರಾಕಿ. ಅಲ್ಲಿ ಇರುವವರು ಬದಲಾಗಬಹುದು, ತಂತಿ ಹೋಗುವುದು ಅದೇ ಮನೆಗೆ.

ಇನ್ನು ವ್ಯಾಲ್ಯೂ ಆಬ್ಜೆಕ್ಟಿನ ಮುಖ್ಯ ಲಕ್ಷಣಕ್ಕೆ ಬರೋಣ. ಅದು ಒಮ್ಮೆ ಹುಟ್ಟಿದ ಮೇಲೆ ಬದಲಾಗಕೂಡದು. ಇದು ಮೊದಲು ನನಗೆ ಹಠದಂತೆ ಕಂಡಿತು. ಅದರ ಅಗತ್ಯ ಹೊಳೆದದ್ದು ಒಂದು ಸಣ್ಣ ಪ್ರೋಗ್ರಾಮು ಬರೆಯುವಾಗ. ಗ್ರಂಥಾಲಯದಿಂದ ಒಬ್ಬ ವಿದ್ಯಾರ್ಥಿ ಒಂದೇ ದಿನ ಎರಡು ಪುಸ್ತಕಗಳನ್ನು ತೆಗೆದುಕೊಂಡನೆನ್ನಿ. ಎರಡಕ್ಕೂ ಹಿಂದಿರುಗಿಸುವ ದಿನ ಒಂದೇ. ಆದುದರಿಂದ ನಾನು ದಿನಾಂಕವನ್ನು ಒಂದೇ ಸಲ ತಯಾರಿಸಿ, ಎರಡು ಪುಸ್ತಕಗಳ ಲೆಕ್ಕಕ್ಕೂ ಅದನ್ನೇ ಕಟ್ಟಿದೆ. ಜಾಗ ಉಳಿಯಿತೆಂದು ಹೆಮ್ಮೆಪಟ್ಟೆ. ಮೊದಲನೆಯ ಪುಸ್ತಕದ ಅವಧಿಯನ್ನು ಹದಿನೈದು ದಿನ ಮುಂದಕ್ಕೆ ಹಾಕಿ ನೋಡಿದರೆ, ಯಾರೂ ಕೇಳದೆಯೇ ಎರಡನೆಯದರ ಅವಧಿಯೂ ಹದಿನೈದು ದಿನ ಮುಂದೆ ಹೋಗಿತ್ತು! ಒಂದೇ ಹಗ್ಗಕ್ಕೆ ಎರಡು ಕರುಗಳನ್ನು ಕಟ್ಟಿದಂತಾಗಿತ್ತು. ಪರೀಕ್ಷೆಗೆ ಹಾಕಿದ ಎರಡು ಪುಸ್ತಕಗಳಾದ್ದರಿಂದ ಕಣ್ಣಿಗೆ ಬಿತ್ತು; ಹತ್ತು ಸಾವಿರ ಪುಸ್ತಕಗಳ ನಡುವೆ ಇಂಥದು ನಡೆದರೆ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಇರಬಹುದು.

ಸಂಖ್ಯೆಗಳ ವಿಷಯದಲ್ಲಿ ನಾವು ಈ ತಪ್ಪನ್ನು ಎಂದೂ ಮಾಡುವುದಿಲ್ಲ. ನನ್ನ ಬಳಿ ಏಳು ಮಾವಿನಹಣ್ಣುಗಳಿದ್ದು ಇನ್ನೊಂದು ಬಂದರೆ, ಲೆಕ್ಕ ಏಳರಿಂದ ಎಂಟಕ್ಕೆ ಹೋಗುತ್ತದೆಯೇ ಹೊರತು ‘ಏಳು’ ಎಂಬ ಸಂಖ್ಯೆಯೇ ಎಂಟಾಗಿ, ಲೋಕದ ಸಪ್ತರ್ಷಿಗಳೆಲ್ಲ ಅಷ್ಟರ್ಷಿಗಳಾಗುವುದಿಲ್ಲ. ದಿನಾಂಕವೂ ಹಾಗೆಯೇ ಇರಬೇಕು. ಜೂನ್ ಹತ್ತನ್ನು ಜೂನ್ ಇಪ್ಪತ್ತೈದಾಗಿ ತಿದ್ದಬಾರದು; ಜೂನ್ ಹತ್ತನ್ನು ಬಿಟ್ಟು ಜೂನ್ ಇಪ್ಪತ್ತೈದನ್ನು ಹಿಡಿಯಬೇಕು. ನನ್ನಂಥ ಕಲಿಯುವವನಷ್ಟೇ ಎಡವಿದ್ದರೆ ಹೇಳುತ್ತಿರಲಿಲ್ಲ. 1996ರಲ್ಲಿ ಬಂದ ಮೊದಲ ಜಾವಾದ ‘ಡೇಟ್’ ಎಂಬ ವಸ್ತುವೇ ಹೀಗೆ ತಿದ್ದಬಹುದಾದದ್ದಾಗಿತ್ತು. ಅದರಿಂದಾದ ಪೀಡೆಯನ್ನು ಪ್ರೋಗ್ರಾಮು ಬರೆಯುವವರು ಬಹುಕಾಲ ಅನುಭವಿಸಿದರು. 2014ರಲ್ಲಿ ಹೊರಬಂದ ಎಂಟನೆಯ ಆವೃತ್ತಿಯಲ್ಲಿ ತಿದ್ದಲಾಗದ ಹೊಸ ದಿನಾಂಕಗಳು ಬಂದವು. ಹದಿನೆಂಟು ವರ್ಷ ಹಿಡಿಯಿತು! 2021ರ ಹದಿನಾರನೆಯ ಆವೃತ್ತಿಯಲ್ಲಿ ‘ರೆಕಾರ್ಡ್’ ಎಂಬ ಸೌಕರ್ಯ ನೆಲೆಯಾಗಿ, ವ್ಯಾಲ್ಯೂ ಆಬ್ಜೆಕ್ಟುಗಳನ್ನು ಒಂದೇ ಸಾಲಿನಲ್ಲಿ ಬರೆಯುವುದು ಸಾಧ್ಯವಾಯಿತು. ಬ್ರೆಜಿಲಿನ ಜೋಸೆ ವಲಿಂ ಅವರು ಕಟ್ಟಿದ ‘ಎಲಿಕ್ಸಿರ್’ ಎಂಬ ಭಾಷೆಯಲ್ಲಂತೂ ಯಾವ ದತ್ತವನ್ನೂ ಹುಟ್ಟಿದ ಮೇಲೆ ತಿದ್ದಲು ಬರುವುದಿಲ್ಲ. ಆ ಭಾಷೆಯಲ್ಲಿ ಬರೆಯುವವರಿಗೆ ಈ ಉಪದೇಶವನ್ನು ಪ್ರತ್ಯೇಕವಾಗಿ ಮಾಡಬೇಕಾದುದೇ ಇಲ್ಲ.

ಎರಡನೆಯ ಲಕ್ಷಣ, ಬೆಲೆಯು ಇಡಿಯಾಗಿರಬೇಕೆಂಬುದು. ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು 1995ರಲ್ಲಿ ಅಚ್ಚಾದ ತಮ್ಮ ಬರಹವೊಂದರಲ್ಲಿ ಇದನ್ನು ‘ಹೋಲ್ ವ್ಯಾಲ್ಯೂ’ ಎಂದು ಕರೆದರು. ಬರಿಯ ‘ಐವತ್ತು’ ಎಂದರೆ ಏನು? ರೂಪಾಯಿಯೋ, ಕಿಲೋವೋ, ಮೈಲಿಯೋ? ಸಂಖ್ಯೆಯನ್ನೂ ಅದರ ಮಾನವನ್ನೂ ಬೇರ್ಪಡಿಸಿದರೆ ಅನರ್ಥವಾಗುತ್ತದೆ. ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ಅಮೆರಿಕದ ಗಗನನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳಗ್ರಹದ ಬಳಿ ನಾಶವಾದದ್ದು ಇದೇ ಕಾರಣದಿಂದ. ನೌಕೆಯ ಚಿಕ್ಕ ರಾಕೆಟ್ಟುಗಳು ಕೊಟ್ಟ ತಳ್ಳುವಿಕೆಯನ್ನು ಭೂಮಿಯ ಮೇಲಿನ ಒಂದು ಪ್ರೋಗ್ರಾಮು ಪೌಂಡುಗಳ ಮಾನದಲ್ಲಿ ಲೆಕ್ಕಹಾಕಿ ಕೊಟ್ಟಿತು. ದಾರಿಯನ್ನು ಗುಣಿಸುವವರು ಅದನ್ನು ನ್ಯೂಟನ್ನುಗಳ ಮಾನವೆಂದು ತಿಳಿದರು. ಒಂದಕ್ಕೂ ಇನ್ನೊಂದಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿದುಬಿಟ್ಟಿತೆಂದು ಆಮೇಲೆ ಲೆಕ್ಕ ಸಿಕ್ಕಿತು. ವ್ಯಾಲ್ಯೂ ಆಬ್ಜೆಕ್ಟನ್ನು ಬಳಸಿದ್ದರೆ ನೌಕೆ ಉಳಿಯುತ್ತಿತ್ತೆಂದು ಕೆಲವರು ಸುಲಭವಾಗಿ ಬರೆದುಬಿಡುತ್ತಾರೆ. ನನಗೆ ಹಾಗೆ ಹೇಳಲು ಧೈರ್ಯವಿಲ್ಲ. ಆ ಸಂಖ್ಯೆಗಳು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಕಡತದ ರೂಪದಲ್ಲಿ ಹೋದವು. ಒಂದು ಪ್ರೋಗ್ರಾಮಿನೊಳಗೆ ಎಷ್ಟು ಅಚ್ಚುಕಟ್ಟಿದ್ದರೂ ಕಡತದಲ್ಲಿ ಮಾನವನ್ನು ಕಳಚಿಟ್ಟರೆ ಪ್ರಯೋಜನವಿಲ್ಲ.

ಹಣದ ವಿಷಯದಲ್ಲಿ ಬ್ರೆಜಿಲಿನ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1986ರಿಂದ 1994ರವರೆಗಿನ ಎಂಟು ವರ್ಷಗಳಲ್ಲಿ ಅವರ ನಾಣ್ಯ ಐದು ಸಲ ಹೆಸರು ಬದಲಿಸಿತು: ಕ್ರುಜಾದು, ಹೊಸ ಕ್ರುಜಾದು, ಕ್ರುಜೇರು, ಕ್ರುಜೇರು ರೆಯಾಲ್, ಕಡೆಗೆ ರೆಯಾಲ್. ಬೆಲೆಗಳು ದಿನದಿನಕ್ಕೆ ಏರುತ್ತಿದ್ದಾಗ ಸರಕಾರ 1994ರ ಮಾರ್ಚ್ 1ರಂದು ಒಂದು ವಿಚಿತ್ರ ಉಪಾಯ ಮಾಡಿತು. ನೋಟೂ ಇಲ್ಲದ, ಬಿಲ್ಲೆಯೂ ಇಲ್ಲದ, ಬರಿಯ ಲೆಕ್ಕಕ್ಕಾಗಿ ಇರುವ ಒಂದು ಮಾನವನ್ನು ಜಾರಿಗೆ ತಂದಿತು. ಅದರ ಹೆಸರಿನಲ್ಲಿಯೇ ನಮ್ಮ ‘ವಲೋರ್’ ಇದೆ: ‘ಉನಿದಾದೆ ರೆಯಾಲ್ ದೆ ವಲೋರ್’, ಎಂದರೆ ಬೆಲೆಯ ನಿಜಮಾನ. ವಸ್ತುಗಳ ಬೆಲೆಯನ್ನು ಈ ಮಾನದಲ್ಲಿ ಗೊತ್ತುಮಾಡುವುದು, ಹಣವನ್ನು ಆ ದಿನದ ದರದಂತೆ ಹಳೆಯ ನೋಟಿನಲ್ಲಿ ಕೊಡುವುದು. ಜುಲೈ 1ರಂದು 2,750 ಕ್ರುಜೇರು ರೆಯಾಲಿಗೆ ಒಂದು ರೆಯಾಲ್ ಎಂದು ಹೊಸ ನಾಣ್ಯ ಬಂದಿತು. ಆ ಕಾಲದ ಲೆಕ್ಕದ ಪುಸ್ತಕವೊಂದರಲ್ಲಿ ಬರಿಯ ‘5,000’ ಎಂದು ಬರೆದಿದ್ದರೆ ಅದರಿಂದ ಏನು ತಿಳಿಯಬೇಕು? ಮೊತ್ತ, ನಾಣ್ಯ ಎರಡೂ ಒಂದೇ ಗಂಟಿನಲ್ಲಿರಬೇಕು. ಫೌಲರರ ಗ್ರಂಥದ ‘ಮನಿ’ ಎಂಬ ವಸ್ತು ಇದನ್ನೇ ಮಾಡುತ್ತದೆ. ರೂಪಾಯಿಗೆ ರೆಯಾಲನ್ನು ಕೂಡಿಸಹೋದರೆ ಅದು ಒಪ್ಪುವುದಿಲ್ಲ. ನೂರು ರೂಪಾಯಿಯನ್ನು ಮೂವರಿಗೆ ಹಂಚೆಂದರೆ, ಕುರುಡಾಗಿ ಭಾಗಿಸಿ ತಲೆಗೆ 33.33 ಎಂದು ಕೊಟ್ಟು ಒಂದು ಪೈಸೆಯನ್ನು ಗಾಳಿಗೆ ತೂರುವುದಿಲ್ಲ, ಒಬ್ಬರಿಗೆ 33.34 ಕೊಟ್ಟು ಲೆಕ್ಕ ಮುಗಿಸುತ್ತದೆ.

ಬೆಲೆಯು ಹುಟ್ಟುವಾಗಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕೆಂಬುದು ಇನ್ನೊಂದು ನಿಯಮ. ಬ್ರೆಜಿಲಿನವರು ಇದಕ್ಕೆ ಕೊಡುವ ಮೆಚ್ಚಿನ ಉದಾಹರಣೆ ಅವರ ‘ಸಿ.ಪಿ.ಎಫ್.’ ಸಂಖ್ಯೆ. ಇದು ತೆರಿಗೆಯ ದಾಖಲೆಗೆಂದು ಪ್ರತಿಯೊಬ್ಬರಿಗೂ ಕೊಡುವ ಹನ್ನೊಂದು ಅಂಕಿಗಳ ಸಂಖ್ಯೆ. ಕೊನೆಯ ಎರಡು ಅಂಕಿಗಳು ಮೊದಲ ಒಂಬತ್ತರಿಂದ ಲೆಕ್ಕಹಾಕಿ ಬರುವಂಥವು. ಒಂದಂಕಿ ತಪ್ಪಿದರೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಬ್ಯಾಂಕಿನ ಶಾಖೆಯನ್ನು ಸೂಚಿಸುವ ಐ.ಎಫ್.ಎಸ್.ಸಿ. ಹನ್ನೊಂದು ಅಕ್ಷರಗಳದು, ಮೊದಲ ನಾಲ್ಕು ಅಕ್ಷರಗಳು ಬ್ಯಾಂಕಿನವು, ಐದನೆಯದು ಸೊನ್ನೆಯೇ ಆಗಿರಬೇಕು. ಅದನ್ನು ಬರಿಯ ಅಕ್ಷರಮಾಲೆಯಾಗಿ ಇಡುವ ಬದಲು ಒಂದು ವ್ಯಾಲ್ಯೂ ಆಬ್ಜೆಕ್ಟಾಗಿ ಮಾಡಿ, ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರವಿದ್ದರೆ ಹುಟ್ಟುವುದಕ್ಕೇ ಬಿಡದಿದ್ದರೆ, ಆಮೇಲೆ ಪ್ರೋಗ್ರಾಮಿನ ಯಾವ ಮೂಲೆಯಲ್ಲಿಯೂ ಮತ್ತೆ ಪರೀಕ್ಷಿಸಬೇಕಾಗಿಲ್ಲ.

ಕೊನೆಯದಾಗಿ, ಎರಡು ಬೆಲೆಗಳು ‘ಅಂಥವೇ’ ಎಂದು ತೀರ್ಮಾನಿಸುವವರು ಯಾರು? ಇದು ಕಾಣುವಷ್ಟು ಸುಲಭವಲ್ಲ. ಪೋರ್ಚುಗಲ್ಲಿನವರು ಹಿಂದೆ ‘ಒಬ್ಜೆಟು’ ಎಂಬ ಮಾತಿನಲ್ಲಿ ಉಚ್ಚರಿಸದ ಒಂದು ‘ಸಿ’ ಅಕ್ಷರವನ್ನು ಬರೆಯುತ್ತಿದ್ದರು, ಬ್ರೆಜಿಲಿನವರು ಬರೆಯುತ್ತಿರಲಿಲ್ಲ. 1990ರ ಕಾಗುಣಿತ ಒಪ್ಪಂದ ಆ ‘ಸಿ’ಯನ್ನು ತೆಗೆದುಹಾಕಿತು. ಹಳೆಯ ರೂಪ, ಹೊಸ ರೂಪ ಎರಡೂ ಓದುಗನಿಗೆ ಒಂದೇ ಮಾತು, ಯಂತ್ರಕ್ಕೆ ಬೇರೆ ಬೇರೆ. ಜಾವಾದ ‘ಬಿಗ್ ಡೆಸಿಮಲ್’ ಎಂಬ ವಸ್ತುವಿನಲ್ಲಿ 2.0 ಮತ್ತು 2.00 ಇವೆರಡನ್ನೂ ಇಟ್ಟು ‘ಈಕ್ವಲ್ಸ್’ ಎಂದು ಕೇಳಿದರೆ ಅಲ್ಲವೆನ್ನುತ್ತದೆ. ಹಿರಿದು ಕಿರಿದೆಂದು ಹೋಲಿಸಿದರೆ ಎರಡೂ ಸಮವೆನ್ನುತ್ತದೆ. ಸಮತೆಯ ನಿಯಮವನ್ನು ಮನುಷ್ಯನೇ ಯೋಚಿಸಿ ಬರೆಯಬೇಕು. ಯೋಚಿಸದೆ ಬರೆದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ.

ಎರಡನೆಯ ವರ್ಷದಲ್ಲಿ ನಾನು ಒಂದು ಧರ್ಮಸಂಸ್ಥೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಯಾವುದೆಂದು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲು. ಫೀಸು ಕಟ್ಟುವುದು ಆ ಹಣದ ಮೇಲೆ ನಿಂತಿತ್ತು. ಪಟ್ಟಿ ಬಂದಾಗ ನನ್ನ ಅರ್ಜಿ ‘ಎರಡು ಸಲ ಬಂದಿದೆ’ ಎಂದು ತಿರಸ್ಕೃತವಾಗಿತ್ತು. ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಕೆಟ್ಟವರಲ್ಲ. ಪರದೆಯನ್ನು ನನ್ನ ಕಡೆಗೆ ತಿರುಗಿಸಿ, “ನೀನು ಆಗಲೇ ಇದ್ದೀಯಲ್ಲಪ್ಪಾ” ಎಂದರು. “ಅದು ನಾನಲ್ಲ ಸಾರ್” ಎಂದೆ. “ಹೆಸರು ನಿನ್ನದೇ, ಇನಿಷಿಯಲ್ಲು ನಿನ್ನದೇ, ಹುಟ್ಟಿದ ದಿನ ನಿನ್ನದೇ. ಮತ್ತೆ ಯಾರು?” ಎಂದರು. ನಮ್ಮ ಕಡೆ ಮಂಜುನಾಥ ಎಂಬ ಹೆಸರು ಬೀದಿಗೆ ಇಬ್ಬರಿಗೆ ಇರುತ್ತದೆ. ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆದುಕೊಳ್ಳುವ ಹಳೆಯ ರೂಢಿ ನಾನು ಸೇರುವ ಹೊತ್ತಿಗೂ ಪೂರ್ತಿ ಹೋಗಿರಲಿಲ್ಲ. ಆ ಇನ್ನೊಬ್ಬ ಮಂಜುನಾಥ ಪಕ್ಕದ ತಾಲ್ಲೂಕಿನವನು. ಅವನ ಜೂನ್ 1 ಕೂಡ ನನ್ನದರಂಥದೇ.

ನಾನು ಮೂರು ಸಲ ಹೋಗಿ ಬಂದೆ. ಅಷ್ಟರಲ್ಲಿ ಫೀಸಿನ ಕೊನೆಯ ದಿನ ಬಂದಿತು. ಅಮ್ಮ ಎರಡು ಮನೆಗಳಲ್ಲಿ ಕೈಗಡ ತಂದು ಕಟ್ಟಿದಳು. ಆಗ ನನಗೆ ಆ ಪ್ರೋಗ್ರಾಮು ಬರೆದವನ ಮೇಲೆ ಬರಿಯ ಸಿಟ್ಟಿತ್ತು. ಈಗ ಅವನ ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲೆ. ಹೆಸರು ಒಂದು ಬೆಲೆ. ದಿನಾಂಕ ಒಂದು ಬೆಲೆ. ಅವನು ಎರಡನ್ನೂ ಜೋಡಿಸಿ, ಗುಣಗಳು ಸಮವಾದರೆ ವ್ಯಕ್ತಿಯೂ ಒಬ್ಬನೇ ಎಂದು ನಿಯಮ ಬರೆದ. ಸಕ್ಕರೆಗೆ ಸಲ್ಲುವ ನಿಯಮವನ್ನು ನನಗೆ ಹಚ್ಚಿದ. ‘ಅಂಥವನೇ’ ಎಂಬಲ್ಲಿ ‘ಅವನೇ’ ಎಂದುಕೊಂಡ. ಅರ್ಜಿ ಬಂದ ಕೂಡಲೆ ಒಂದೊಂದಕ್ಕೂ ಒಂದು ಸ್ವತಂತ್ರ ಸಂಖ್ಯೆಯನ್ನು ಕೊಟ್ಟು, ಹೆಸರು ದಿನಾಂಕಗಳು ಹೊಂದಿದಾಗ ತಿರಸ್ಕರಿಸದೆ ಒಬ್ಬ ಮನುಷ್ಯ ನೋಡಲೆಂದು ಬೇರೆ ತೆಗೆದಿಟ್ಟಿದ್ದರೆ ಸಾಕಾಗಿತ್ತು. ಕಡೆಗೆ ಗುಮಾಸ್ತರು ಮಾಡಿದ್ದೂ ಅದನ್ನೇ. ಇಬ್ಬರನ್ನೂ ಒಂದೇ ದಿನ ಕರೆಸಿ ಎದುರಿಗೆ ನಿಲ್ಲಿಸಿಕೊಂಡರು. ಹಣ ಮಾರ್ಚಿಯಲ್ಲಿ ಬಂತು. ಆ ಮಂಜುನಾಥ ಈಗ ನನ್ನ ಸ್ನೇಹಿತ. ನನಗಿಂತ ಒಂದು ಗೇಣು ಎತ್ತರ.

ಇನ್ನು ಭಾಷಾಂತರದ ಮಾತು. ಬ್ರೆಜಿಲಿನವರು ಮೊದಲ ಸಲ ‘ಒಬ್ಜೆಟು ದೆ ವಲೋರ್’ ಎಂದು ಬರೆದು, ಆಮೇಲೆ ಎಷ್ಟೋ ವೇಳೆ ಇಂಗ್ಲಿಷ್ ಮಾತನ್ನೇ ಇಟ್ಟುಕೊಂಡು, ಅವಸರದಲ್ಲಿ ‘ವಿ.ಓ.’ ಎಂದೂ ಬರೆಯುತ್ತಾರೆ. ಅದರಲ್ಲಿ ಅವರಿಗೆ ಸಂಕೋಚವಿಲ್ಲ. ನಾನೂ ತಿದ್ದಿದ ಪ್ರತಿಯಲ್ಲಿ ‘ವ್ಯಾಲ್ಯೂ ಆಬ್ಜೆಕ್ಟ್’ ಎಂದೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ಮಾತ್ರ ‘ಅಂಥದೇ ಸಾಕಾದ ವಸ್ತು’ ಎಂದೂ, ಎಂಟಿಟಿ ಬಂದಲ್ಲಿ ‘ಅದೇ ಬೇಕಾದ ವಸ್ತು’ ಎಂದೂ ಸೇರಿಸಿದೆ. ಇದು ಪದವಲ್ಲ, ವಾಕ್ಯವಾಯಿತೆಂದು ಅಧ್ಯಾಪಕರ ಆಕ್ಷೇಪಣೆ. ಇನ್ನೂ ಚಿಕ್ಕದಾದುದು ಸಿಕ್ಕುವವರೆಗೆ ಇದೇ ಇರಲೆಂದು ನಾನು ಬೇಡಿಕೊಂಡಿದ್ದೇನೆ.